ಹಿತ್ತಲ ಗಿಡ ನುಸಿಗೂ ಮದ್ದು. ಆದರೆ ಅಳತೆ ಬೇಕು

ಕಾಮಯಗೌಂಡನ್‌ಪಟ್ಟಿ (ತೇನಿ ಜಿಲ್ಲೆ): ಸುಗ್ಗಿ ಮುಗಿದು ಕಾಳು ಮನೆ ಸೇರಿತು ಎಂದು ರೈತ ಉಸ್ಸಪ್ಪಾ ಅನ್ನುವಷ್ಟರಲ್ಲಿ ನುಸಿಯ ಸುಗ್ಗಿ ಶುರುವಾಗಿರುತ್ತದೆ. ಹೊಲದಲ್ಲಿ ಹುಳು ಬಿದ್ದರೆ ಊರೆಲ್ಲ ಗದ್ದಲ. ಕೃಷಿ ಇಲಾಖೆ ಪ್ರಕಟಣೆ ಹೊರಡಿಸುತ್ತದೆ, ಔಷಧಿ ಅಂಗಡಿ ಮುಂದೆ ಜನ ಸೇರುತ್ತಾರೆ. ಅದೇ ಹುಳು ಮನೆಯ ಮೂಲೆಯ ಚೀಲದೊಳಗೆ ಸದ್ದಿಲ್ಲದೆ ಕಾಳನ್ನು ಹಿಟ್ಟು ಮಾಡಿದರೆ ಅದು ಯಾರಿಗೂ ಸುದ್ದಿಯಲ್ಲ. "ಹುಳಾ ಹತ್ತೇದ, ಬಿಸಲಿಗೆ ಹಾಕಿದ್ರಾತು ಬಿಡ್ರಿ" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಆದರೆ ಲೆಕ್ಕ ಅಷ್ಟಕ್ಕೆ ಮುಗಿಯುವುದಿಲ್ಲ. ನಬಾರ್ಡ್‌ನ ಸಲಹಾ ಸಂಸ್ಥೆ ನ್ಯಾಬ್‌ಕಾನ್ಸ್ 2022ರಲ್ಲಿ ಕೊಟ್ಟ ಅಧ್ಯಯನದ ಪ್ರಕಾರ, ದೇಶದಲ್ಲಿ ಕೊಯ್ಲಿನಿಂದ ಹಿಡಿದು ದಾಸ್ತಾನಿನವರೆಗೆ ಏಕದಳ ಧಾನ್ಯದಲ್ಲಿ ಶೇ. 3.89ರಿಂದ 5.92, ಬೇಳೆಕಾಳಿನಲ್ಲಿ ಶೇ. 5.65ರಿಂದ 6.74ರಷ್ಟು ನಷ್ಟವಾಗುತ್ತದೆ. ಇದೆಲ್ಲವೂ ಹುಳುವಿನ ಪಾಲಲ್ಲ ನಿಜ. ಕೊಯ್ಲು, ರಾಶಿ, ಸಾಗಣೆ ಎಲ್ಲದರ ನಷ್ಟ ಇದರಲ್ಲಿ ಸೇರಿದೆ. ಆದರೆ ಬೆಳೆದು, ಕೊಯ್ದು, ಕೂಲಿ ಕೊಟ್ಟು, ಮನೆಗೆ ತಂದ ಮೇಲೆ ಹೋಗುವ ಕಾಳಿನ ಬೆಲೆಯೇ ಬೇರೆ. ಅದರ ಮೇಲೆ ಮಾಡಬೇಕಾದ ಖರ್ಚೆಲ್ಲ ಆಗಲೇ ಆಗಿ ಹೋಗಿರುತ್ತದೆ.

ಈ ನಷ್ಟ ತಡೆಯಲು ಇವತ್ತು ಹಳ್ಳಿ ಮನೆಯ ಮುಂದೆ ಎರಡು ದಾರಿಗಳಿವೆ. ಒಂದು, ಅಂಗಡಿಯಿಂದ ತರುವ ವಿಷ. ಇನ್ನೊಂದು, ಅಜ್ಜಿ ಕಾಲದ ಬೇವು, ಲಕ್ಕಿ, ಬಜೆ. ಮೊದಲನೆಯದನ್ನು ಹೇಳಿಕೊಡಲು ಅಂಗಡಿಯವರಿದ್ದಾರೆ. ಎರಡನೆಯದನ್ನು ಹೇಳಿಕೊಡುವವರು ಯಾರೂ ಇಲ್ಲ. ಹೇಳುವವರು ಸಿಕ್ಕರೂ 'ಒಂದು ಹಿಡಿ ಹಾಕು' ಅನ್ನುತ್ತಾರೆಯೇ ಹೊರತು ಎಷ್ಟು ಕಾಳಿಗೆ ಎಷ್ಟು, ಯಾವ ಕಾಳಿಗೆ ಯಾವುದು ಎಂದು ಹೇಳುವುದಿಲ್ಲ. ತೊಂದರೆ ಇರುವುದು ಇಲ್ಲೇ. ಗಿಡದಲ್ಲಿ ಗುಣ ಇಲ್ಲವೆಂದಲ್ಲ, ಗುಣಕ್ಕೆ ತಕ್ಕ ಅಳತೆ ಮನೆಗೆ ತಲುಪಿಲ್ಲ.

ಗಡಿಯಾಚೆಯ ಗಡಿನಾಡು

ಗಡಿ ಕನ್ನಡಿಗರು ಎಂದರೆ ನಿಪ್ಪಾಣಿ, ಜತ್ತ, ಅಕ್ಕಲಕೋಟೆ, ಕಾಸರಗೋಡು ಎಂದಷ್ಟೇ ನೆನಪಾಗುತ್ತದೆ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲೂ ತಲೆತಲಾಂತರದಿಂದ ಕನ್ನಡ ಮನೆಮಾತಿನ ಒಕ್ಕಲುಗಳಿವೆ. ಕಪ್ಪಿಲಿಯರು ಎಂದು ಅಲ್ಲಿ ಕರೆಯಲಾಗುವ ಈ ಒಕ್ಕಲಿಗರು ಮೈಸೂರು ಸೀಮೆಯಿಂದ ಬಂದವರು ಎಂಬುದು ಅವರಲ್ಲಿ ನಡೆದುಬಂದ ಮಾತು. 1909ರಲ್ಲಿ ಪ್ರಕಟವಾದ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲೂ ಇವರ ವಿಷಯ ಇದೆ. ಕಂಬಂನಲ್ಲಿ ಇವರು ಸಾಕುವ ದೇವರ ದನಗಳ ಮಂದೆಯನ್ನು 'ದೇವರು ಆವು' ಎಂಬ ಕನ್ನಡ ಹೆಸರಿನಿಂದಲೇ ಅಲ್ಲಿ ದಾಖಲಿಸಲಾಗಿದೆ. ಮಂದೆ ಉಳಿಯಿತು, ಮಂದೆಯ ಜೊತೆ ಮಾತೂ ಉಳಿಯಿತು.

ಕಾಳಿನ ವಿಷಯದಲ್ಲಿ ಹಾಗಾಗುವ ಲಕ್ಷಣವಿಲ್ಲ. ಕಣಿವೆಯಲ್ಲಿ ನೀರಿಗೆ ಬರವಿಲ್ಲ. 1895ರಲ್ಲಿ ಕಟ್ಟಿದ ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರು ಇಲ್ಲಿನ 14,707 ಎಕರೆ ಗದ್ದೆಗೆ ಹರಿಯುತ್ತದೆ, ಎರಡು ಬೆಳೆ ಭತ್ತ ಆಗುತ್ತದೆ. ಕಾಮಯಗೌಂಡನ್‌ಪಟ್ಟಿಯ ಸುತ್ತಮುತ್ತ ದ್ರಾಕ್ಷಿ ಇದೆ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆಯೂ ಸಿಕ್ಕಿತು. ಭತ್ತ ಕೊಯ್ದ ಕೂಡಲೇ ಖರೀದಿ ಕೇಂದ್ರಕ್ಕೋ ವ್ಯಾಪಾರಿಗೋ ಹೋಗುತ್ತದೆ. ಊಟದ ಅಕ್ಕಿ ರೇಷನ್ ಅಂಗಡಿಯಿಂದ ಬರುತ್ತದೆ. ತಮಿಳುನಾಡಿನಲ್ಲಿ 2011ರ ಜೂನ್‌ನಿಂದ ಪಡಿತರ ಅಕ್ಕಿ ಪುಕ್ಕಟೆ, ಕರ್ನಾಟಕದಲ್ಲಿ 2013ರಿಂದ ಅನ್ನಭಾಗ್ಯ. ಬಡವರ ಹೊಟ್ಟೆಗೆ ಇದರಿಂದ ಒಳ್ಳೆಯದೇ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷದ ಕಾಳು ಮನೆಯಲ್ಲಿಡುವ ರೂಢಿ ಕಡಿಮೆಯಾದಂತೆ, ಇಡುವ ವಿದ್ಯೆಯೂ ಕಡಿಮೆಯಾಗುತ್ತಿದೆ. ತಮಿಳಿನ 'ಕುದಿರ್', ಮರಾಠಿಯ 'ಕಣಗಿ', ನಮ್ಮ ಕಣಜ, ವಾಡೆ ಎಲ್ಲವೂ ಒಂದೇ ದಾರಿ ಹಿಡಿದಿವೆ.

ಹಾಗಂತ ಮನೆಯಲ್ಲಿ ಕಾಳೇ ಇಲ್ಲವೆಂದಲ್ಲ. ಕಣಿವೆಯಲ್ಲಾಗಲಿ ಬೆಳಗಾವಿ-ವಿಜಯಪುರದಲ್ಲಾಗಲಿ ಬಿತ್ತನೆ ಬೀಜ, ತೊಗರಿ, ಹೆಸರು, ಅವರೆ, ಜೋಳ ಇವತ್ತಿಗೂ ಮನೆಯಲ್ಲೇ ಇರುತ್ತವೆ. ರೇಷನ್ ಅಂಗಡಿ ಬಿತ್ತನೆ ಬೀಜ ಕೊಡುವುದಿಲ್ಲ. ನಷ್ಟದ ಬಿಸಿ ಹೆಚ್ಚು ತಟ್ಟುವುದೂ ಈ ಬೀಜಕ್ಕೇ.

ಮೂರು ಭಾಷೆ, ಒಂದೇ ಗಿಡ

ಕನ್ನಡದ ಬೇವು ತಮಿಳಿಗೆ ವೇಂಬು, ಮರಾಠಿಗೆ ಕಡುನಿಂಬ. ನಮ್ಮ ಲಕ್ಕಿ ಅಲ್ಲಿ ನೊಚ್ಚಿ, ಮಹಾರಾಷ್ಟ್ರದಲ್ಲಿ ನಿರ್ಗುಡಿ. ಬಜೆ ಅಲ್ಲಿ ವಸಂಬು, ಇಲ್ಲಿ ಗಡಿ ದಾಟಿದರೆ ವೇಖಂಡ. ಭತ್ತದ ಚೀಲದಲ್ಲಿ ನೊಚ್ಚಿ ಸೊಪ್ಪು ಇಡುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಹೆಸರು-ಅವರೆಗೆ ಬೂದಿ ಬೆರೆಸುವುದು, ಬೇಳೆಗೆ ಔಡಲೆಣ್ಣೆ ಸವರುವುದು ಮೂರೂ ಭಾಷೆಯ ಮನೆಗಳಿಗೆ ಗೊತ್ತಿರುವ ಕೆಲಸ. ರಾಜ್ಯಗಳ ನಡುವೆ ಗಡಿ ಜಗಳ ಎಷ್ಟೇ ಇರಲಿ, ನುಸಿಗೆ ಗಡಿ ಇಲ್ಲ, ನುಸಿಯ ಮದ್ದಿಗೂ ಇಲ್ಲ.

ಇವು ಮೂಢನಂಬಿಕೆಯೂ ಅಲ್ಲ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಹುಳುವಿಗೆ ತಿನ್ನುವುದನ್ನೇ ಬೇಡವೆನಿಸುತ್ತದೆ, ಮರಿಹುಳು ಪೊರೆ ಬಿಟ್ಟು ಬೆಳೆಯುವುದನ್ನು ಕೆಡಿಸುತ್ತದೆ. ಲಕ್ಕಿಯ ಘಾಟು ಹುಳುವನ್ನು ದೂರ ಇಡುತ್ತದೆ. ಕಾಳಿಗೆ ಸವರಿದ ಎಣ್ಣೆ ಮೊಟ್ಟೆಯ ಉಸಿರು ಕಟ್ಟಿಸುತ್ತದೆ. ಬೂದಿ, ಮಣ್ಣು ಹುಳುವಿನ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆದು ಮೈಯೊಳಗಿನ ನೀರು ಆರಿಸುತ್ತವೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಬಿತ್ತನೆ ಬೀಜಕ್ಕೆ ಬೇವಿನ ಬೀಜದ ಪುಡಿ, ಬಜೆ ಪುಡಿಗಳನ್ನು ಶಿಫಾರಸು ಮಾಡಿದೆ. ಅಂದರೆ ಅಜ್ಜಿ ಹೇಳಿದ್ದನ್ನು ವಿಜ್ಞಾನ ಅಲ್ಲಗಳೆದಿಲ್ಲ. ಅದಕ್ಕೆ ತೂಕ ಕೊಟ್ಟಿದೆ, ಅಷ್ಟೆ.

ಹುಳು ಎಲ್ಲಿರುತ್ತದೆ?

"ಬೇವಿನ ಎಲಿ ಹಾಕಿದ್ವಿ, ಆದ್ರೂ ಹುಳಾ ಬಿತ್ತು" ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಇದಕ್ಕೆ ಉತ್ತರ ಹುಳುವಿನ ಸಂಸಾರದಲ್ಲಿದೆ. ಅಕ್ಕಿ, ಜೋಳಕ್ಕೆ ಬೀಳುವ ಸೊಂಡಿಲು ಹುಳು ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು, ಬಾಯಿ ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು ಒಳಗೇ ಬೆಳೆದು ಸುಮಾರು ಒಂದು ತಿಂಗಳ ಮೇಲೆ ಹೊರಬರುತ್ತದೆ. ಬೇಳೆಕಾಳಿನ ದುಂಬಿ ಇನ್ನೂ ಚಾಲಾಕಿ. ಅದು ಹೊಲದಲ್ಲಿರುವಾಗಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟು, ರಾಶಿಯ ಜೊತೆಗೇ ಮನೆಗೆ ಬರುತ್ತದೆ. ಒಂದು ಹೆಣ್ಣು ನೂರರ ಹತ್ತಿರ ಮೊಟ್ಟೆ ಇಡಬಲ್ಲದು.

ಕಾಳಿನ ಹೊಟ್ಟೆಯೊಳಗೆ ಕುಳಿತ ಮರಿಗೆ ಎಲೆಯ ವಾಸನೆ ಏನು ಮಾಡೀತು? ಎಲೆ ಕಾವಲುಗಾರನಿದ್ದಂತೆ. ಹೊರಗಿನ ಕಳ್ಳನನ್ನು ತಡೆಯಬಲ್ಲ, ಆಗಲೇ ಮನೆ ಹೊಕ್ಕವನನ್ನು ಹಿಡಿಯಲಾರ. ಆದ್ದರಿಂದ ಗಿಡದ ಮದ್ದು ಹುಳು ಬೀಳುವ ಮುಂಚೆ ಮಾಡುವ ಕೆಲಸವೇ ಹೊರತು ಬಿದ್ದ ಮೇಲೆ ಮಾಡುವ ಚಿಕಿತ್ಸೆ ಅಲ್ಲ.

ಇನ್ನೊಂದು ತಪ್ಪು ಹಸಿ ಎಲೆ ಹಾಕುವುದು. ಹಸಿ ಸೊಪ್ಪಿನ ನೀರು ಕಾಳಿಗೆ ಇಳಿದರೆ ಬೂಷ್ಟು ಹಿಡಿಯುತ್ತದೆ, ನುಸಿಗೂ ಅನುಕೂಲವಾಗುತ್ತದೆ. ಎಲೆಯನ್ನು ನೆರಳಲ್ಲಿ ಗರಿಗರಿಯಾಗಿ ಒಣಗಿಸಬೇಕು. ಅದಕ್ಕೂ ಮುಂಚೆ ಕಾಳು ಒಣಗಬೇಕು. ಜೋಳ, ಭತ್ತದಲ್ಲಿ ತೇವಾಂಶ ಶೇ. 12ರ ಒಳಗೆ, ಬೇಳೆಕಾಳಿನಲ್ಲಿ ಶೇ. 10ರ ಒಳಗೆ ಇರಬೇಕು. ಹಲ್ಲಿಗೆ ಹಾಕಿದರೆ 'ಕಟ್' ಎಂದು ಮುರಿಯಬೇಕು ಎಂಬ ಹಿರಿಯರ ಪರೀಕ್ಷೆಯೂ ಇದನ್ನೇ ಹೇಳುತ್ತದೆ. ಹಸಿ ಕಾಳಿಗೆ ಎಷ್ಟು ಬೇವು ಸುರಿದರೂ ಅದು ತೂತು ಬಿದ್ದ ಕೊಡಕ್ಕೆ ನೀರು ಹಾಕಿದಂತೆಯೇ.

ಬಿತ್ತುವುದಕ್ಕೆ ಬೇರೆ, ಉಣ್ಣುವುದಕ್ಕೆ ಬೇರೆ

ಗಿಡಮೂಲಿಕೆ ಎಂದರೆ ಏನೂ ಅಪಾಯವಿಲ್ಲ ಎಂಬ ನಂಬಿಕೆ ಈಚೆಗೆ ಜೋರಾಗಿದೆ. ಇದನ್ನು ಒಪ್ಪುವಂತಿಲ್ಲ. ಬಜೆಯ ಉದಾಹರಣೆಯನ್ನೇ ನೋಡಬಹುದು. ಒಂದು ಕೆ.ಜಿ. ಬೀಜಕ್ಕೆ 10 ಗ್ರಾಂ ಬಜೆ ಪುಡಿ ಬೆರೆಸಿದರೆ ಒಳ್ಳೆಯ ರಕ್ಷಣೆ ಸಿಗುತ್ತದೆ. ಆದರೆ ಅದರಲ್ಲಿರುವ ಬೀಟಾ ಅಸರೋನ್ ಎಂಬ ಅಂಶ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ಉಂಟುಮಾಡಿದ್ದು ಕಂಡುಬಂದು, ಅಮೆರಿಕ 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಹಾಗಾಗಿ ಬಜೆ ಪುಡಿ ಬಿತ್ತನೆ ಬೀಜಕ್ಕೆ ಸರಿ, ರೊಟ್ಟಿಯ ಜೋಳಕ್ಕೆ ಬೇಡ.

ಬೇವಿನ ಬೀಜದ ಪುಡಿಯೂ ಹಾಗೆಯೇ. ಕ್ವಿಂಟಲ್ ಬಿತ್ತನೆ ಕಾಳಿಗೆ ಒಂದು ಕೆ.ಜಿ. ಪುಡಿ ಬೆರೆಸಬಹುದು. ತಿನ್ನುವ ಜೋಳಕ್ಕೆ ಬೆರೆಸಿದರೆ ರೊಟ್ಟಿ ಕಹಿ, ಮನೆಯಲ್ಲಿ ಜಗಳ ಖಾತ್ರಿ. ಊಟದ ಕಾಳಿಗೆ ಒಣಗಿದ ಬೇವು, ಲಕ್ಕಿ ಎಲೆಗಳನ್ನು ಪದರ ಪದರವಾಗಿ ಹಾಕಿದರೆ ಸಾಕು. ತೆಗೆಯುವಾಗ ಕೇರಿ ಹಸನು ಮಾಡಿಕೊಳ್ಳಬಹುದು. ತಿನ್ನುವ ಬೇಳೆಕಾಳಿಗೆ ಕೆ.ಜಿ.ಗೆ 5ರಿಂದ 10 ಮಿ.ಲೀ. ಅಡುಗೆ ಎಣ್ಣೆ ಸವರಬಹುದು. 50 ಕೆ.ಜಿ. ತೊಗರಿಗೆ ಕಾಲು ಲೀಟರಿನಿಂದ ಅರ್ಧ ಲೀಟರ್ ಎಣ್ಣೆ. ಹತ್ತರಲ್ಲಿ ಒಂದು ಪಾಲು ಹುಳುವಿಗೆ ಹೋದರೆ ಕಳೆದುಕೊಳ್ಳುವುದು ಐದು ಕೆ.ಜಿ. ತೊಗರಿ. ಎಣ್ಣೆಯ ಬೆಲೆ ಎಷ್ಟು, ತೊಗರಿಯ ಬೆಲೆ ಎಷ್ಟು ಎಂದು ಕೂಡಿ ಕಳೆದು ನೋಡಲು ದೊಡ್ಡ ಓದು ಬೇಕಿಲ್ಲ.

ಹಳೆಯ ಚೀಲದ ಹೊಲಿಗೆಯಲ್ಲಿ ಹೋದ ವರ್ಷದ ಹುಳು ಅಡಗಿರುತ್ತದೆ. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿದ ಕಷಾಯದಲ್ಲಿ ಚೀಲ ಅದ್ದಿ, ನೆರಳಲ್ಲಿ ಪೂರ್ತಿ ಒಣಗಿಸಿ ಕಾಳು ತುಂಬಬೇಕು. ಬಿಸಿಲಿಗೆ ಬೇವಿನ ಗುಣ ಇಳಿದುಹೋಗುತ್ತದೆ, ಆದ್ದರಿಂದ ನೆರಳು ಎಂಬ ಮಾತು ಮುಖ್ಯ. ಈ ಒಂದು ಕೆಲಸ ಬೀಜಕ್ಕೂ ಊಟಕ್ಕೂ ಎರಡಕ್ಕೂ ಆಗಿಬರುತ್ತದೆ.

ಹಳೆಯದೆಲ್ಲ ಒಳ್ಳೆಯದು ಎನ್ನುವವರಿಗೂ ಒಂದು ಮಾತು. ಮರಾಠಿ ಮನೆಗಳಲ್ಲಿ ಗೋಧಿ ಡಬ್ಬಿಗೆ ಪಾರದ ಗುಳಿಗೆ ಹಾಕುವ ರೂಢಿ ಇದೆ, ಗಡಿ ಭಾಗದ ನಮ್ಮ ಮನೆಗಳಿಗೂ ಅದು ಬಂದಿದೆ. ಪಾದರಸ ವಿಷ. ಬೋರಿಕ್ ಪೌಡರ್ ಕೂಡ ತಿನ್ನುವ ವಸ್ತುವಲ್ಲ. ರೂಢಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಇವನ್ನು ಬೇವಿನ ಸಾಲಿನಲ್ಲಿ ಕೂರಿಸಬಾರದು.

ಮಲಗುವ ಕೋಣೆಯಲ್ಲಿ ವಿಷದ ಗುಳಿಗೆ

ಇಷ್ಟೆಲ್ಲ ಯಾಕೆ, ಒಂದು ಗುಳಿಗೆ ಹಾಕಿದರೆ ಹುಳು ಸಾಯುತ್ತದಲ್ಲ ಎಂದು ಕೇಳುವವರಿದ್ದಾರೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ತಾಗಿ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ಕಾಳಿನೊಳಗಿನ ಮರಿಯನ್ನೂ ಕೊಲ್ಲುತ್ತದೆ, ನಿಜ. ಗಾಳಿಯಾಡದಂತೆ ಹೊದಿಕೆ ಮುಚ್ಚಿದ ಸರಕಾರಿ ಗೋದಾಮಿನಲ್ಲಿ, ತಿಳಿದವರ ಕೈಯಲ್ಲಿ ಅದು ಉಪಯೋಗದ ವಸ್ತು. ಆದರೆ ಹಳ್ಳಿ ಮನೆ ಗೋದಾಮಲ್ಲ. ಕಾಳಿನ ಚೀಲ ಇರುವ ಕೋಣೆಯಲ್ಲೇ ಮಕ್ಕಳು ಮಲಗಿರುತ್ತಾರೆ. ಈ ಅನಿಲಕ್ಕೆ ಮರುಮದ್ದು ಇಲ್ಲ.

ನಿಯಮ ಇಲ್ಲವೇ? ಇದೆ. ಸರಕಾರಿ ಸಂಸ್ಥೆಗಳು ಮತ್ತು ಕೀಟ ನಿಯಂತ್ರಣದ ಅನುಮತಿ ಇರುವವರು ತಜ್ಞರ ಉಸ್ತುವಾರಿಯಲ್ಲಿ ಮಾತ್ರ ಇದನ್ನು ಬಳಸಬೇಕು. ಮೂರು ಗ್ರಾಂನ 10 ಮತ್ತು 20 ಗುಳಿಗೆಗಳ ಕೊಳವೆ ಪೊಟ್ಟಣಗಳನ್ನು ಕೇಂದ್ರ ಸರಕಾರ 2001ರಲ್ಲಿಯೇ ನಿಷೇಧಿಸಿದೆ. ಆದರೂ ಈ ಗುಳಿಗೆಯಿಂದಾದ ಸಾವುಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ನಿಯಮ ಕಾಗದದ ಮೇಲಿದೆ, ಗುಳಿಗೆ ಮನೆಯೊಳಗಿದೆ. ಮೇಲಾಗಿ ಸರಿಯಾಗಿ ಮುಚ್ಚದೆ ಅರೆಬರೆ ಹೊಗೆ ಹಾಕಿದ ಕಡೆ ಹುಳುಗಳೇ ಆ ಅನಿಲಕ್ಕೆ ಒಗ್ಗಿಕೊಳ್ಳುತ್ತವೆ. ಭಾರತದ ದಾಸ್ತಾನುಗಳಲ್ಲಿ ಇಂಥ ಹುಳುಗಳು ಆಗಲೇ ಕಂಡುಬಂದಿವೆ.

ಔಷಧಿ ಅಂಗಡಿ ಹತ್ತಿರವಿದ್ದಷ್ಟೂ ಈ ಆಸೆ ಹೆಚ್ಚು. ದ್ರಾಕ್ಷಿ ಬೆಳೆಯುವ ಊರಿನಲ್ಲಿ, ಅದು ಕಂಬಂ ಆಗಲಿ ವಿಜಯಪುರದ ತಿಕೋಟಾ ಆಗಲಿ, ಬೂಜು ರೋಗಕ್ಕೆಂದು ಮೇಲಿಂದ ಮೇಲೆ ಔಷಧಿ ಹೊಡೆಯಲೇಬೇಕು. ಬೆಳೆಗೆ ತರುವ ಕೈ ಕಾಳಿಗೂ ಒಂದಿಷ್ಟು ತಂದರೆ ಆಶ್ಚರ್ಯವಿಲ್ಲ. ವಿಷ ರೂಢಿಯಾದರೆ ಏನಾಗುತ್ತದೆ ಎಂದು ತಿಳಿಯಲು ಗಡಿನಾಡಿಗರು ದೂರ ಹೋಗಬೇಕಿಲ್ಲ, ಕಾಸರಗೋಡಿನ ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳು ಸಾಕು.

ಮೈಸೂರಿನ ಪ್ರಯೋಗಾಲಯದ ಬೇರು

ಗಿಡದ ಮದ್ದು ಹಳೆಯ ಕಾಲದ್ದು, ಅದರಲ್ಲಿ ಹೊಸದೇನಿದೆ ಎನ್ನುವವರಿಗೆ ಮೈಸೂರಿನ ಸಿಎಫ್‌ಟಿಆರ್‌ಐ ಉತ್ತರ ಕೊಟ್ಟಿದೆ. ಮಾಕಳಿ ಬೇರು ಕನ್ನಡಿಗರಿಗೂ ತಮಿಳರಿಗೂ ಉಪ್ಪಿನಕಾಯಿಯಿಂದ ಪರಿಚಿತ, ಅಲ್ಲಿ ಅದು ಮಾಗಾಳಿ ಕಿಳಂಗು. ಈ ಬೇರಿನಿಂದ ಅಲ್ಲಿನ ವಿಜ್ಞಾನಿಗಳಾದ ವೈ. ರಾಜಶೇಖರ್, ಟಿ. ಶಿವಾನಂದಪ್ಪ ಮತ್ತು ಸಂಗಡಿಗರು 'ಡೆಕಲಿಸೈಡ್' ಎಂಬ ಹೊಸ ಬಗೆಯ ಕೀಟನಾಶಕ ಬೇರ್ಪಡಿಸಿ 2012ರಲ್ಲಿ ಪ್ರಕಟಿಸಿದರು. ಇದು ಸಕ್ಕರೆಯ ಜಾತಿಗೆ ಸೇರಿದ ವಸ್ತು. ಹುಳು ಕಾಲಿನಿಂದ ರುಚಿ ನೋಡುತ್ತದೆ. ಕಾಲಿನ ಆ ರುಚಿಯ ಜಾಗಕ್ಕೆ ತಾಗಿದಾಗ ಇದು ಹುಳುವನ್ನು ಕೊಲ್ಲುತ್ತದೆ. ಮನುಷ್ಯ ತಿಂದರೆ ಹೊಟ್ಟೆಯ ಪಾಚಕ ರಸಗಳೇ ಇದನ್ನು ಒಡೆದುಹಾಕುತ್ತವೆ. ಉಣ್ಣುವ ಕಾಳಿಗೆ ಬೇಕಾದದ್ದು ಇಂಥದೇ ಮದ್ದು.

ಆದರೆ ಪ್ರಬಂಧ ಪ್ರಕಟವಾದ ಮಾತ್ರಕ್ಕೆ ಪುಡಿ ಸಂತೆಗೆ ಬರುವುದಿಲ್ಲ. ಮಾಕಳಿ ಬೆಟ್ಟದ ಬಂಡೆ ಸಂದಿಯಲ್ಲಿ ಬೆಳೆಯುವ ಬಳ್ಳಿ. ಬೇರು ಅಗೆದರೆ ಬಳ್ಳಿಯೇ ಹೋಗುತ್ತದೆ. ಉಪ್ಪಿನಕಾಯಿ, ಶರಬತ್ತುಗಳಿಗೆ ಅಗೆದೇ ಕಾಡಿನಲ್ಲಿ ಅದು ಕಡಿಮೆಯಾಗಿದೆ. ಹೊಲದಲ್ಲಿ ಬೆಳೆಸದೆ ಕಾಡಿನಿಂದ ಕಿತ್ತರೆ ಹುಳುವಿಗಿಂತ ಮೊದಲು ಗಿಡ ಮುಗಿಯುತ್ತದೆ.

ಯಾರು ಏನು ಮಾಡಬೇಕು

ಬೇವಿಗಾಗಿ ಈ ದೇಶ ಯುರೋಪಿನವರೆಗೆ ಹೋರಾಡಿದೆ. ಬೇವಿನೆಣ್ಣೆಯ ಶಿಲೀಂಧ್ರನಾಶಕದ ಮೇಲೆ ಅಮೆರಿಕದ ಕೃಷಿ ಇಲಾಖೆ ಮತ್ತು ಗ್ರೇಸ್ ಕಂಪನಿ ಪಡೆದಿದ್ದ ಪೇಟೆಂಟ್ 2000ದಲ್ಲಿ ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. 2015ರಿಂದ ಯೂರಿಯಾಕ್ಕೆ ಬೇವಿನ ಲೇಪನ ಕಡ್ಡಾಯ. ಗೆದ್ದ ಬೇವು ಗೊಬ್ಬರದ ಕಾರ್ಖಾನೆಗೆ ಹೋಗಿದೆ, ಹಳ್ಳಿಯ ಕಾಳಿನ ಚೀಲಕ್ಕೆ ಬಂದಿಲ್ಲ. ಊರ ಬೇವಿನ ಮರದ ಬೀಜ ಮಳೆಗಾಲದ ಹೊತ್ತಿಗೆ ನೆಲಕ್ಕೆ ಬಿದ್ದು ಕೊಳೆಯುತ್ತದೆ.

ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ತುಕ್ಕಾನಟ್ಟಿ, ಮತ್ತಿಕೊಪ್ಪಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ತೇನಿಯ ಕಾಮಾಚ್ಚಿಪುರಂನಲ್ಲೂ ಇದೆ. ಸುಗ್ಗಿಗೆ ಒಂದು ತಿಂಗಳು ಮುಂಚೆ ಸ್ತ್ರೀಶಕ್ತಿ ಸಂಘ, ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳನ್ನು ಕರೆದು, ಕೈಯಲ್ಲಿ ತಕ್ಕಡಿ ಕೊಟ್ಟು ಒಂದು ದಿನ ಮಾಡಿ ತೋರಿಸಿದರೆ ಸಾಕು. ಕಾಳು ಕಾಯುವವರು ಅವರೇ. ಆದರೆ ತರಬೇತಿಗೆ ಕರೆ ಬರುವುದು ಮಾತ್ರ ಗಂಡಸರಿಗೆ. ಬೇವಿನ ಬೀಜ ಆರಿಸಿ, ಒಣಗಿಸಿ, ಪುಡಿ ಮಾಡಿ ತೂಕದ ಪೊಟ್ಟಣ ಕಟ್ಟುವ ಕೆಲಸವನ್ನು ಈ ಸಂಘಗಳಿಗೇ ಕೊಟ್ಟರೆ ಅವರ ಕೈಗೂ ನಾಲ್ಕು ಕಾಸು ಬರುತ್ತದೆ. ಪೊಟ್ಟಣದ ಮೇಲೆ 'ಬಿತ್ತನೆ ಬೀಜಕ್ಕೆ ಮಾತ್ರ' ಅಥವಾ 'ಊಟದ ಕಾಳಿಗೆ ಆಗುತ್ತದೆ' ಎಂದು ದಪ್ಪಕ್ಷರದಲ್ಲಿ ಇರಬೇಕು.

ಬರೆಯುವ ಭಾಷೆಯ ಕಡೆಗೂ ಗಮನ ಬೇಕು. ಕಂಬಂ ಕಣಿವೆಯಲ್ಲಿ ಅಜ್ಜಿಯ ಮಾತು ಕನ್ನಡ, ಮೊಮ್ಮಗಳ ಓದು ತಮಿಳು. ನಿಪ್ಪಾಣಿ ಕಡೆ ಮನೆಮಾತು ಮರಾಠಿಯಾದರೆ ಇಲಾಖೆಯ ಕರಪತ್ರ ಕನ್ನಡ. ಗಡಿ ಊರುಗಳ ಕರಪತ್ರದಲ್ಲಿ ಗಿಡದ ಹೆಸರು ಎರಡೂ ಭಾಷೆಯಲ್ಲಿರಲಿ. ಹೆಸರು ಗೊತ್ತಾಗದೆ ಗಿಡ ತಪ್ಪಿದರೆ ಮದ್ದೂ ತಪ್ಪುತ್ತದೆ. ಇದರ ಜೊತೆಗೆ, ಯಾರು ಕೇಳಿದರೂ ವಿಷದ ಗುಳಿಗೆ ಎತ್ತಿಕೊಡುವ ಅಂಗಡಿಗಳ ಮೇಲೆ ಅಧಿಕಾರಿಗಳು ಕಣ್ಣಿಡಬೇಕು. ಒಂದು ಕಡೆ ಬೇವು ಕಲಿಸುತ್ತ ಇನ್ನೊಂದು ಕಡೆ ಗುಳಿಗೆ ಸಲೀಸಾಗಿ ಸಿಗುತ್ತಿದ್ದರೆ ಜನ ಸಲೀಸಾದದ್ದನ್ನೇ ಹಿಡಿಯುತ್ತಾರೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದು ಗಿಡದ ತಪ್ಪಿನಿಂದಲ್ಲ, ಹತ್ತಿರವಿರುವುದನ್ನು ಲೆಕ್ಕಕ್ಕೆ ತಗೊಳ್ಳದ ಮನುಷ್ಯನ ತಪ್ಪಿನಿಂದ. ಮುಂದಿನ ಸುಗ್ಗಿಯ ಹೊತ್ತಿಗಾದರೂ ಕೃಷಿ ಇಲಾಖೆ ತಕ್ಕಡಿ ಹಿಡಿದು ಹಳ್ಳಿಗೆ ಬರಲಿ. ಬೇವಿನ ಬೀಜ ಬೀಳುವ ಕಾಲಕ್ಕೆ ಊರ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಮರದ ಕೆಳಗೆ ಬಂದರೆ ಅರ್ಧ ಕೆಲಸ ಆದಂತೆ.